ಏಳು ಅಂದರೆ ಏಳು ಏನು?

“ಯಲ್ಲ್ಯಾಗ ಸರ್ಟಿಫಿಕೇಟ? ಕಾಳಿ ಹೊಳಿ ತಿರುಗಿ ಸೂಪಾದ ಕಡೆ ಹರಿಯಾಕ ಹತ್ತಿದ ದಿನ ಕೊಡಸೂಣಂತ ತಗೋರಿ.”

ಹೀಗೆ ಹೇಳಿದವರು ನಮ್ಮ ಫೋರ್‌ಮನ್ ಗಣಪತರಾವ್. ಹೇಳಿದ್ದು ದಾಂಡೇಲಿಯ ಒಂದು ಪ್ಲೈವುಡ್ ಕಾರ್ಖಾನೆಯ ಬಾಯ್ಲರ್ ಮನೆಯ ಮುಂದೆ, ಎಲ್ಲರ ಎದುರಿಗೆ. ಅವರು ಯಲ್ಲ್ಯಾ ಅಂದ ಯಲ್ಲಪ್ಪನೂ ಅಲ್ಲೇ ಕಟ್ಟಿಗೆ ಸೀಳುತ್ತ ಇದ್ದ. ಅವನು ತಲೆ ಎತ್ತಲಿಲ್ಲ. ಕೊಡಲಿಯ ಪೆಟ್ಟು ಮಾತ್ರ ಒಂದು ಸಲ ತಪ್ಪಿ ಕಲ್ಲಿಗೆ ಬಿತ್ತು.

ಆ ಕಾರ್ಖಾನೆ ಈಗಿಲ್ಲ, ಹೆಸರೂ ಬೇಡ. ಊರಿನ ಕಾಗದದ ಗಿರಣಿಯ ಮುಂದೆ ಅದೊಂದು ಗುಡಿಸಲಿನ ಹಾಗೆ. ನಾನು ಅಲ್ಲಿ ಅಳತೆಯ ಉಪಕರಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದು ಐವತ್ತರ ದಶಕ ಮುಗಿಯುವ ಹೊತ್ತಿಗೆ. ಒತ್ತಡದ ಗೇಜು, ಉಷ್ಣತಾಮಾಪಕ, ತೂಕದ ಕಾಟಾ, ಇವೆಲ್ಲ ನನ್ನ ಪಾಲು. ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಬಂದು, “ನಿಮ್ಮ ಕಾಲದಲ್ಲಿ ಏನು ದೊಡ್ಡ ಕೆಲಸ ಇತ್ತು ಸರ್, ಎಲ್ಲ ಸಣ್ಣ ಸಣ್ಣ ಗೇಜು” ಎನ್ನುತ್ತಾರೆ. ಗೇಜು ಸಣ್ಣದೇ. ಅದರ ಮುಳ್ಳಿನ ಕೆಳಗೆ ಬರೆದಿರುವ ಅಕ್ಷರ ಇನ್ನೂ ಸಣ್ಣದು. ನನ್ನ ಇಡೀ ನೌಕರಿ ಆ ಸಣ್ಣ ಅಕ್ಷರದ ಮೇಲೆ ನಡೆದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಎರಡು ಮಾತು. ಹಳಿಯಾಳದ ಹತ್ತಿರದ ಹಳ್ಳಿಯವನು. ಅಪ್ಪ ಬಿದಿರಿನ ಗಾಡಿ ಹೊಡೆಯುತ್ತಿದ್ದ. ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೇ ಮೊದಲಿಗ, ಅದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಧಾರವಾಡದಲ್ಲಿ ಪುಕ್ಕಟೆ ವಸತಿ ನಿಲಯದಲ್ಲಿದ್ದು ಬಿ.ಎಸ್ಸಿ. ಮಾಡಿದೆ. ಮೊದಲ ಸಲ ಭೌತಶಾಸ್ತ್ರದಲ್ಲಿ ಫೇಲಾದೆ. ಪ್ರಯೋಗ ಸರಿ, ಲೆಕ್ಕ ಸರಿ, ಉತ್ತರದ ಮುಂದೆ ಏಕಮಾನ ಬರೆದಿರಲಿಲ್ಲ. ಪರೀಕ್ಷಕರು ಕೇಳಿದರು: “ಒಂಬತ್ತು ಅಂತ ಬರದೀಯಲ್ಲ, ಒಂಬತ್ತು ಏನು? ಎತ್ತೋ, ಎಮ್ಮಿಯೋ?” ನಾನು ನಕ್ಕೆ. ಅವರು ನಗಲಿಲ್ಲ. ಆ ನಗೆಗೆ ಒಂದು ವರ್ಷ ಇಟ್ಟಿಗೆ ಭಟ್ಟಿಯಲ್ಲಿ ದುಡಿದು, ಮತ್ತೆ ಪರೀಕ್ಷೆಗೆ ಕೂತೆ. ಅಲ್ಲಿಂದ ಮುಂದೆ ಬರೀ ಅಂಕಿ ಬರೆದ ನೆನಪಿಲ್ಲ.

ನಾನು ಕೆಲಸಕ್ಕೆ ಸೇರಿದ್ದು ಎಂಥ ಕಾಲ ಅಂದರೆ, ಸರಕಾರ ಸೇರು, ಮಣ, ಅಡಿ, ಪೌಂಡು ಎಲ್ಲವನ್ನೂ ಬಿಡಿಸಿ ಕಿಲೋ, ಮೀಟರು ತರುತ್ತಿತ್ತು. ಒಂದೇ ಕಾರ್ಖಾನೆಯ ಒಳಗೆ ನಾಲ್ಕು ರಾಜ್ಯಭಾರ. ಮರದ ತುಂಡು ಘನ ಅಡಿಯಲ್ಲಿ ಬರುತ್ತಿತ್ತು, ಅಂಟು ಸೇರಿನಲ್ಲಿ ಕಲಸುತ್ತಿದ್ದರು, ಹಲಗೆ ಒತ್ತುವ ಪ್ರೆಸ್ಸಿನ ಶಾಖ ಫ್ಯಾರನ್‌ಹೀಟಿನಲ್ಲಿ, ಹೊಸದಾಗಿ ಬಂದ ಒಣಗಿಸುವ ಕೋಣೆಯ ಶಾಖ ಸೆಂಟಿಗ್ರೇಡಿನಲ್ಲಿ. ಕುಂಬಾರವಾಡದ ಕಡೆಯಿಂದ ಕಟ್ಟಿಗೆ ತರುವವರಿಗೆ ಇದಾವುದೂ ಬೇಡ. ಅವರ ಲೆಕ್ಕ ಗಾಡಿಯದು. “ಎರಡು ಗಾಡಿ ತಂದೀನ್ರಿ” ಅಂದರೆ ಮುಗಿಯಿತು. ಗಾಡಿ ಎಷ್ಟು ದೊಡ್ಡದು ಎಂದು ಕೇಳಿದರೆ, “ಎತ್ತಿನ ಮ್ಯಾಲ ಐತ್ರಿ” ಎನ್ನುತ್ತಿದ್ದರು.

ಮರ ಅಳೆಯುವ ಗುಮಾಸ್ತ ಪಾಂಡುರಂಗ ಜೋಯಿಡಾ ಕಡೆಯವನು, ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ. ದುಂಡು ಮರ ಅಳೆಯುವ ಹಳೆಯ ಪದ್ಧತಿ ಹೀಗಿತ್ತು: ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು, ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಗುಣಿಸಿ, ಕೊನೆಗೆ ನೂರ ನಲವತ್ನಾಲ್ಕರಿಂದ ಭಾಗಿಸುವುದು. ಘನ ಅಡಿ ಬರುತ್ತದೆ. ಹೊಸ ಟೇಪು ಬಂದ ಮೇಲೆ ಪಾಂಡುರಂಗ ಸುತ್ತಳತೆ ಸೆಂಟಿಮೀಟರಿನಲ್ಲಿ, ಉದ್ದ ಮೀಟರಿನಲ್ಲಿ ಹಿಡಿದ. ಉಳಿದದ್ದೆಲ್ಲ ಹಳೆಯದೇ. ನಾಲ್ಕು ಆಳು ಉರುಳಿಸಿ ತಂದ ಒಂದು ತುಂಡು ಐವತ್ತೈದು ಘನ ಮೀಟರ್ ಎಂದು ಬರೆದ.

“ಪಾಂಡುರಂಗ, ಈ ಕಚೇರಿ ಖೋಲಿ ಇಡೀ ಸೇರಿಸಿದರ ಐವತ್ತೈದು ಆಗತೈತಿ. ಆ ತುಂಡು ಈ ಖೋಲಿಗಿಂತ ದೊಡ್ಡದೈತೇನು?”

“ಇಲ್ರಿ. ಆದ್ರ ಲೆಕ್ಕ ಬರೋಬರಿ ಐತ್ರಿ. ಬೇಕಾದ್ರ ನೀವ ಮಾಡಿ ನೋಡ್ರಿ.”

“ನೂರಾ ನಲವತ್ನಾಲ್ಕು ಯಾಕ ಹಾಕಿದಿ?”

“ಅಯ್ಯ, ಅದು ಹಾಕೂದ ಅಲ್ಲೇನ್ರಿ! ನಮ್ಮ ಅಪ್ಪನೂ ಹಾಕತಿದ್ದ.”

ಒಂದು ಚದರ ಅಡಿಯಲ್ಲಿ ನೂರ ನಲವತ್ನಾಲ್ಕು ಚದರ ಇಂಚು ಇರುತ್ತದೆ, ಅದಕ್ಕೆ ಆ ಅಂಕಿ. ಇಂಚು ಹೋದ ಮೇಲೆ ಅದಕ್ಕೇನು ಕೆಲಸ? ಒಂದು ಚದರ ಮೀಟರಿನಲ್ಲಿ ಹತ್ತು ಸಾವಿರ ಚದರ ಸೆಂಟಿಮೀಟರು. ಅದರಿಂದ ಭಾಗಿಸಿದಾಗ ತುಂಡು ಒಂದು ಘನ ಮೀಟರಿಗಿಂತ ಕಡಿಮೆ ಬಂತು. ಪಾಂಡುರಂಗನಿಗೆ ಬೇಸರವಾಯಿತು. “ಇಷ್ಟ ಸಣ್ಣದಾತಲ್ರಿ” ಎಂದು ಆ ತುಂಡನ್ನೇ ಒಂದು ಸಲ ಹೋಗಿ ನೋಡಿ ಬಂದ.

ಇಂಥ ಅಂಕಿಗಳೇ ನಮ್ಮ ಕೆಲಸದಲ್ಲಿ ನಿಜವಾದ ಕಳ್ಳರು. ನೋಡಲು ಬರೀ ಅಂಕಿ, ಹೊಟ್ಟೆಯೊಳಗೆ ಇಂಚು, ಅಡಿ, ಪೌಂಡು ನುಂಗಿಕೊಂಡು ಕೂತಿರುತ್ತವೆ. ಓದಿದವರಿಗೂ ಇವು ಟೋಪಿ ಹಾಕುತ್ತವೆ. ನಮ್ಮ ಎಂಜಿನಿಯರ್ ದೇಸಾಯಿ ಸಾಹೇಬರು ಬಹಳ ಚುರುಕು ಮನುಷ್ಯ, ಸಿಟ್ಟೂ ಅಷ್ಟೇ. ಎತ್ತರದಲ್ಲಿ ನೀರಿನ ಟಾಕಿ ಕೂರಿಸುವಾಗ ಕೆಳಗಿನ ಕೊಳವೆಯಲ್ಲಿ ಎಷ್ಟು ಒತ್ತಡ ಬರುತ್ತದೆ ಎಂದು ಲೆಕ್ಕ ಮಾಡಿದರು. ಎತ್ತರವನ್ನು 0.433ರಿಂದ ಗುಣಿಸಬೇಕು ಎಂದು ಅವರ ಹಳೆಯ ಕೈಪಿಡಿ ಹೇಳುತ್ತಿತ್ತು. ಗುಣಿಸಿದರು. ಎತ್ತರ ಮಾತ್ರ ಮೀಟರಿನಲ್ಲಿತ್ತು.

ನಾನು ಮೆಲ್ಲಗೆ, “ಸಾಹೇಬ್ರ, ಆ ಅಂಕಿ ಒಳಗ ಅಡಿ ಐತಿ ಅನಸತೈತ್ರಿ” ಅಂದೆ.

“ಹಂಗಾರ ಸರಿ ಉತ್ತರ ಎಷ್ಟು, ಹೇಳು.”

“ಅದು ಗೊತ್ತಿಲ್ರಿ. ಇದು ತಪ್ಪು ಅಂತಷ್ಟ ಗೊತ್ತು.”

“ತಪ್ಪು ಅನ್ನಾಕ ಊರ ತುಂಬ ಮಂದಿ ಸಿಗತಾರ!” ಎಂದು ಬೈದರು. ಆದರೆ ಪೆನ್ಸಿಲ್ ಕೆಳಗಿಡಲಿಲ್ಲ. ನನ್ನ ಎದುರಿಗೇ ಅಡಿಗೆ ಬದಲಿಸಿ, ಸರಿಯಾದ ಉತ್ತರ ತೆಗೆದು, ದಪ್ಪ ಕೊಳವೆಗೆ ಆರ್ಡರು ಬರೆದರು. ಆ ದಿನ ನಾನು ಕಲಿತದ್ದು ಇದು: ಸಮೀಕರಣದ ಎರಡೂ ಕಡೆ ಏಕಮಾನ ಹೊಂದದಿದ್ದರೆ ಲೆಕ್ಕ ಖಂಡಿತ ತಪ್ಪು. ಹೊಂದಿದರೆ ಸರಿ ಎಂದೇನೂ ಅಲ್ಲ. ಅರ್ಧದಿಂದ ಗುಣಿಸುವಲ್ಲಿ ಒಂದರಿಂದ ಗುಣಿಸಿದರೂ ಏಕಮಾನ ಬಾಯಿ ಬಿಡುವುದಿಲ್ಲ. ಅದು ಬಾಗಿಲ ಕಾವಲುಗಾರ, ಒಳಗಿನ ಯಜಮಾನನಲ್ಲ. ಹೊಸಬರು ಇದನ್ನು ನೆನಪಿಡಬೇಕು.

ಇನ್ನು ಯಲ್ಲಪ್ಪನ ವಿಷಯ.

ಬಾಯ್ಲರ್ ನಡೆಸುವವನ ಹತ್ತಿರ ಸರಕಾರದ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಇರಬೇಕು, ಅದು ಕಾನೂನು. ನಮ್ಮಲ್ಲಿ ಅದಿದ್ದದ್ದು ಹುಸೇನಸಾಬರ ಹತ್ತಿರ ಮಾತ್ರ. ವಯಸ್ಸಾಗಿತ್ತು, ದೀಪಾವಳಿ ಕಳೆದ ಮೇಲೆ ಬಿಡುವವರಿದ್ದರು. ಅವರ ಕೈಕೆಳಗೆ ಬೆಂಕಿಗೆ ಕಟ್ಟಿಗೆ ಹಾಕುವವನು ಯಲ್ಲಪ್ಪ. ಮೊದಲು ಅವನು ಡಿಪೋದಲ್ಲಿ ಮರ ಹೊರುತ್ತಿದ್ದ. ಒಂದು ತುಂಡು ಉರುಳಿ ಬಲಗಾಲಿನ ಮೊಣಕಾಲು ಜಜ್ಜಿದ ಮೇಲೆ ಬಾಯ್ಲರಿಗೆ ಹಾಕಿದ್ದರು. ಹುಸೇನಸಾಬರ ಜಾಗಕ್ಕೆ ಹೊರಗಿನವನು ಬಂದರೆ ತನ್ನ ಆಳನ್ನು ಕರೆದುಕೊಂಡೇ ಬರುತ್ತಾನೆ, ಯಲ್ಲಪ್ಪ ಮತ್ತೆ ಡಿಪೋಕ್ಕೆ. ಆ ಮೊಣಕಾಲಿಗೆ ಡಿಪೋ ಅಂದರೆ ಕೆಲಸ ಬಿಟ್ಟ ಹಾಗೇ. ಅವನ ಊರು ಮುಂಡಗೋಡ ತಾಲೂಕಿನಲ್ಲಿ, ಸನವಳ್ಳಿಯ ಆಚೆ. ಅಲ್ಲಿ ಅವನಿಗೆ ಹೊಲ ಇರಲಿಲ್ಲ. ಅವನನ್ನು ಸಾಕಿ ಬೆಳೆಸಿದ ಅಕ್ಕ ಗೌರವ್ವ ಇದ್ದಳು, ಅವಳೂ ಕೂಲಿಯೇ. ಹೀಗಾಗಿ ಅವನಿಗೆ ಉಳಿದ ದಾರಿ ಒಂದೇ: ಹುಸೇನಸಾಬರು ಬಿಡುವ ಮೊದಲು ತಾನೇ ಆ ಸರ್ಟಿಫಿಕೇಟು ಪಡೆಯುವುದು. ಓದು ನಾಲ್ಕನೆಯ ಇಯತ್ತೆ.

ನಮ್ಮ ಬಾಯ್ಲರ್ ಮನೆಯಲ್ಲಿ ಒಂದು ವಿಚಿತ್ರ ರೂಢಿ ಇತ್ತು. ಉಗಿಯ ಒತ್ತಡವನ್ನು ಯಾರೂ ಅಂಕಿಯಲ್ಲಿ ಹೇಳುತ್ತಿರಲಿಲ್ಲ, ಗಡಿಯಾರದ ಹಾಗೆ ಹೇಳುತ್ತಿದ್ದರು. ಗೇಜಿನ ಮುಖ ದುಂಡಗಿತ್ತು, ಒಂದೇ ಮುಳ್ಳು, ಸೊನ್ನೆ ಕೆಳಗೆ ಎಡಗಡೆ, ಏಳೂವರೆಯ ಜಾಗದಲ್ಲಿ. ಚದರ ಇಂಚಿಗೆ ನೂರು ಪೌಂಡು ಇದ್ದಾಗ ಆ ಮುಳ್ಳು ಗಡಿಯಾರದಲ್ಲಿ ಒಂದೂವರೆ ಇರುವ ಕಡೆ ನಿಲ್ಲುತ್ತಿತ್ತು. ಪ್ರೆಸ್ಸಿನವರು ಅಲ್ಲಿಂದ ಕೂಗಿ ಕೇಳುತ್ತಿದ್ದರು:

“ಯಲ್ಲಪ್ಪಾ, ಎಷ್ಟಾತೋ?”

“ಹನ್ನೆರಡೂವರಿ ಆಗೇತಿ, ತಡೀರಿ, ಒಂದೂವರಿಗೆ ತರತೇನಿ!”

ಹುಸೇನಸಾಬರು ಹೀಗೇ ಕಲಿತಿದ್ದರು, ಹೀಗೇ ಕಲಿಸಿದ್ದರು. ಆ ಗೇಜು ಇರುವ ತನಕ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ.

ಒಂದು ಭಾನುವಾರ ಹೊರಗಿನ ಫಿಟ್ಟರ್ ಬಂದು ಹಳೆಯ ಗೇಜು ತೆಗೆದು ಹೊಸದು ಹಾಕಿ ಹೋದ. ಹೊಸದು ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು ತೋರಿಸುವಂಥದು. ನಾನು ರಜೆಯ ಮೇಲೆ ಊರಿಗೆ ಹೋಗಿದ್ದೆ. ಗಣಪತರಾವ್ ಸಹಿ ಮಾಡಿ ತೆಗೆದುಕೊಂಡರು, ಬಾಯ್ಲರಿನವರಿಗೆ ಒಂದು ಮಾತೂ ಹೇಳಲಿಲ್ಲ. ಹಳೆಯ ನೂರು ಪೌಂಡು ಎಂದರೆ ಹೊಸ ಲೆಕ್ಕದಲ್ಲಿ ಏಳು ಕಿಲೋ. ಹೊಸ ಮುಖದಲ್ಲಿ ಅಂಕಿಗಳು ಇಪ್ಪತ್ತೊಂದರ ತನಕ ಇದ್ದವು. ಹೀಗಾಗಿ ಏಳರ ಜಾಗ ಎಡಗಡೆ, ಹತ್ತೂವರೆ ಗಂಟೆಯ ಕಡೆ ಬಿತ್ತು.

ಸೋಮವಾರ ಮುಂಜಾನೆ ನಾನು ಹಳಿಯಾಳದ ಬಸ್ಸು ಇಳಿದು ಗೇಟಿನ ಹತ್ತಿರ ಬರುವಾಗ ಬಾಯ್ಲರಿನ ಸೇಫ್ಟಿ ವಾಲ್ವ್ ಬಾಯಿ ತೆರೆದು ಬೊಬ್ಬೆ ಹೊಡೆಯುತ್ತಿತ್ತು. ಅಂಗಳದ ತುಂಬ ಉಗಿ. ಜನ ಹೊರಗೆ ಓಡಿ ಬರುತ್ತಿದ್ದರು. ಒಳಗೆ ನಡೆದದ್ದು ಇಷ್ಟು: ಮುಳ್ಳು ಇನ್ನೂ ಹತ್ತೂವರೆಯಲ್ಲೇ ಇದೆ, ಉಗಿ ಬಹಳ ಕಡಿಮೆ ಇದೆ ಎಂದು ತಿಳಿದು, ಒಂದೂವರೆಗೆ ತರಲು ಇಬ್ಬರೂ ಕಟ್ಟಿಗೆ ತುಂಬಿದ್ದೇ ತುಂಬಿದ್ದು. ವಾಲ್ವ್ ಚೊಕ್ಕ ಇದ್ದದ್ದರಿಂದ ಹೆಚ್ಚಾದ ಉಗಿ ಹೊರಗೆ ಹೋಯಿತು, ಯಾರಿಗೂ ಏನೂ ಆಗಲಿಲ್ಲ. ಒಂದೂವರೆಯ ಜಾಗಕ್ಕೆ ಮುಳ್ಳು ಮುಟ್ಟಿದ್ದರೆ ಒತ್ತಡ ಎರಡು ಪಟ್ಟು. ಆ ಹಳೆಯ ಬಾಯ್ಲರ್ ಅದನ್ನು ತಡೆಯುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

“ನೋಡ್ರಿ ಸಾಹೇಬ್ರ, ನಾ ಅಂದಿದ್ದಿಲ್ಲ?” ಎಂದು ಗಣಪತರಾವ್ ದೇಸಾಯಿ ಸಾಹೇಬರ ಎದುರು ಯಲ್ಲಪ್ಪನ ಕಡೆ ಕೈ ತೋರಿಸಿದರು. “ಇಂಥಾಂವ ಸರ್ಟಿಫಿಕೇಟ ತಗೋತಾನಂತ. ಎಲ್ಲಾರನೂ ಮ್ಯಾಲ ಕಳಸಾಂವ. ಇವತ್ತ ಡಿಪೋಕ್ಕ ಹಾಕ್ರಿ ಇಂವನ್ನ.”

ಹುಸೇನಸಾಬರು ಮುಂದೆ ಬಂದರು.

“ಸಾಹೇಬ್, ಕಟಗಿ ಹಾಕು ಅಂದಾಂವ ನಾನು. ಆ ಗಡಿಯಾರದ ಲೆಕ್ಕ ಕಲಿಸಿದಾಂವನೂ ನಾನ. ಡಿಪೋಕ್ಕ ಹಾಕೂದಿದ್ರ ಮೊದಲ ನನ್ನ ಹಾಕ್ರಿ. ಗೇಜು ಬದಲಿ ಆಗೇತಂತ ನಮಗ ಯಾರು ಹೇಳಿದ್ರು, ಅದನ್ನೂ ಕೇಳ್ರಿ.”

ಗಣಪತರಾವ್ ತಮ್ಮ ಟೋಪಿ ಸರಿ ಮಾಡಿಕೊಂಡರು. ದೇಸಾಯಿ ಸಾಹೇಬರು ಬಹಳ ಹೊತ್ತು ಆ ಗೇಜನ್ನೇ ನೋಡಿ, ನನ್ನ ಕಡೆ ತಿರುಗಿದರು. “ಏನೋ, ಒಂಬತ್ತು ಎತ್ತೋ ಎಮ್ಮಿಯೋ ಅಂತ ಹೇಳತಿರತೀಯಲ್ಲ. ಇಂವಗ ಕಲಿಸು. ಪರೀಕ್ಷಾಕ್ಕ ನಾ ಅರ್ಜಿ ಹಾಕಸತೇನಿ. ಪಾಸಾದ ಅಂದ್ರ ಬಾಯ್ಲರ್ ಇಂವಂದು. ನಪಾಸಾದ ಅಂದ್ರ ಗಣಪತರಾವ್ ಹೇಳಿದಂಗ ಡಿಪೋ.”

ಊಟದ ಬಿಡುವಿನಲ್ಲಿ ಕಲಿಸಿದೆ. ಒಡೆದ ಪ್ಲೈವುಡ್ಡೇ ಹಲಗೆ, ಸೀಮೆಸುಣ್ಣ ನನ್ನದು. ಮೊದಲ ವಾರ ಏನೂ ಆಗಲಿಲ್ಲ. ಅವನಿಗೆ ಅಂಕಿ ಬರುತ್ತಿತ್ತು, ಗುಣಾಕಾರ ಬರುತ್ತಿತ್ತು. ಆದರೆ ಅಂಕಿಯ ಮುಂದೆ ‘ಚದರ ಸೆಂಟಿಮೀಟರಿಗೆ ಕಿಲೋ’ ಎಂದು ಬರೆಸಿದರೆ ಕೈ ತಡೆಯುತ್ತಿತ್ತು.

“ಸರ, ಏಳು ಅಂದ್ರ ಏಳರಿ. ಅದಕ್ಯಾಕ ಇಷ್ಟ ಉದ್ದ ಬಾಲ?”

“ಏಳು ಅಂದ್ರ ಏಳು ಏನು?”

“ಏಳರಿ!”

ಆಚೆ ಬೀಡಿ ಹಚ್ಚುತ್ತ ಹೋಗುತ್ತಿದ್ದ ಗಣಪತರಾವ್, “ಪಂಡಿತರ, ಯಾವ ಅಧ್ಯಾಯಕ್ಕ ಬಂದ್ರಿ?” ಎಂದು ಕೇಳಿ ನಕ್ಕು ಹೋದರು.

ಒಂದು ದಿನ ಕಾಟಾದ ಕೋಣೆಯಿಂದ ಕಬ್ಬಿಣದ ತೂಕದ ಕಲ್ಲು ತರಿಸಿದೆ. ಒಂದು ಐದು ಕಿಲೋದ್ದು, ಒಂದು ಎರಡು ಕಿಲೋದ್ದು. “ಎತ್ತು” ಅಂದೆ. ಎರಡನ್ನೂ ಒಂದೇ ಕೈಯಲ್ಲಿ ಎತ್ತಿದ. “ಈಗ ಇದನ್ನ ನಿನ್ನ ಹೆಬ್ಬೆರಳಿನ ಉಗುರಿನ ಮ್ಯಾಲ ಇಟ್ಟಂಗ ತಿಳಿ. ಉಗುರಿನಷ್ಟು ಜಾಗಾ ಅಂದ್ರ ಹೆಚ್ಚು ಕಡಿಮಿ ಒಂದು ಚದರ ಸೆಂಟಿಮೀಟರ್. ಬಾಯ್ಲರಿನ ಒಳಗ ಉಗುರಿನಷ್ಟು ಒಂದೊಂದು ಜಾಗಾದ ಮ್ಯಾಲೂ ಏಳು ಕಿಲೋ ಕೂತೈತಿ. ಮುಳ್ಳು ಹೇಳೂದು ಅದನ್ನ.”

ಅವನು ಉಗುರು ನೋಡಿದ, ಕಲ್ಲು ನೋಡಿದ. ಆಮೇಲೆ ತಿರುಗಿ ಬಾಯ್ಲರ್ ನೋಡಿದ. “ಹಂಗಾರ ಆ ಕಬ್ಬಿಣದ ಬಾಗಲದ ಮ್ಯಾಲ ಎಷ್ಟು ಕೂತೈತ್ರಿ?”

ಅವನು ಕೇಳಿದ್ದು ಒಳಗೆ ಇಳಿದು ಚೊಕ್ಕ ಮಾಡಲು ಇಟ್ಟಿರುವ ಮುಚ್ಚಳದ ಬಗ್ಗೆ. ಅಳೆದೆವು, ಸುಮಾರು ಸಾವಿರ ಚದರ ಸೆಂಟಿಮೀಟರು. ಹಲಗೆಯ ಮೇಲೆ ಅವನೇ ಬರೆದ. ಏಳು ಕಿಲೋ, ಕೆಳಗೆ ಚದರ ಸೆಂಟಿಮೀಟರು. ಗುಣಿಸು, ಸಾವಿರ ಚದರ ಸೆಂಟಿಮೀಟರು. ಮೇಲಿನದಕ್ಕೂ ಕೆಳಗಿನದಕ್ಕೂ ಒಂದೊಂದು ಗೆರೆ ಎಳೆದು ಹೊಡೆದು ಹಾಕಿದ.

“ಇದೂ ಹೋತು, ಇದೂ ಹೋತು. ಕಿಲೋ ಉಳೀತು. ಏಳು ಸಾವಿರ ಕಿಲೋ.” ಸೀಮೆಸುಣ್ಣ ಕೆಳಗಿಟ್ಟ. “ಸರ, ನಾ ದಿನಾ ಆ ಬಾಗಲಕ್ಕ ಬೆನ್ನು ಮಾಡಿ ಕುಂತು ರೊಟ್ಟಿ ತಿಂತೇನ್ರಿ.”

ಆ ದಿನದಿಂದ ಅವನು ಅಲ್ಲಿ ಕೂರಲಿಲ್ಲ. ಬಾಲದ ಬಗ್ಗೆ ದೂರಲೂ ಇಲ್ಲ. ಲೆಕ್ಕ ಮುಗಿದ ಕೂಡಲೇ ಮೊದಲು ಏನು ಉಳಿಯಿತು ಎಂದು ನೋಡುತ್ತಿದ್ದ, ಎಷ್ಟು ಎನ್ನುವುದು ಆಮೇಲೆ. ತೂಕ ಕೇಳಿದ ಲೆಕ್ಕದಲ್ಲಿ ಸೆಂಟಿಮೀಟರು ಉಳಿದುಬಿಟ್ಟರೆ, “ದಾರಿ ತಪ್ಪೇತ್ರಿ” ಎಂದು ತಾನೇ ಒರೆಸುತ್ತಿದ್ದ.

ಪರೀಕ್ಷೆ ಹುಬ್ಬಳ್ಳಿಯ ಒಂದು ಗಿರಣಿಯಲ್ಲಿ, ಬಾಯಿ ಮಾತಿನಲ್ಲೇ. ಕಾರ್ಖಾನೆಯ ಕಡೆಯಿಂದ ನಾನು ಜೊತೆಗೆ ಹೋಗಿದ್ದೆ, ಬಾಗಿಲ ಹತ್ತಿರ ನಿಲ್ಲಲು ಬಿಟ್ಟರು. ಪರೀಕ್ಷಕರು ಇಬ್ಬರು. ಮೊದಲಿನ ಪ್ರಶ್ನೆಯಲ್ಲೇ ಯಲ್ಲಪ್ಪ ಜಾರಿದ.

“ನಿಮ್ಮ ಬಾಯ್ಲರಿಗೆ ಹಾಕೂದು ಗಡಸು ನೀರೋ, ಮೆದು ನೀರೋ?”

“ಕಾಳಿ ಹೊಳಿ ನೀರ್ರಿ. ಕುಡ್ಯಾಕ ಛಲೋ ಐತಿ.”

ಇಬ್ಬರೂ ಮುಖ ಮುಖ ನೋಡಿಕೊಂಡರು. ನೀರಿನ ಪಾಠ ನಾನು ಮಾಡಿರಲಿಲ್ಲ. ಹಿರಿಯ ಪರೀಕ್ಷಕರು ಇನ್ನೊಂದು ಕೇಳಿದರು: “ಸೇಫ್ಟಿ ವಾಲ್ವಿನ ಬಾಯಿ ಮುಚ್ಚೂ ತಟ್ಟಿ ಇಪ್ಪತ್ತು ಚದರ ಸೆಂಟಿಮೀಟರ್. ಉಗಿ ಏಳು ಕಿಲೋ. ವಾಲ್ವಿನ ಮ್ಯಾಲ ಭಾರ ಎಷ್ಟು? ಏಳಕ್ಕ ಇಪ್ಪತ್ತರಿಂದ ಭಾಗಾಕಾರ ಮಾಡಿದರ ಆತಲ್ಲ?”

ಅದು ಹಿಡಿಯಲು ಹಾಕಿದ ಬಲೆ. ದೊಡ್ಡವರು ಹೇಳಿದರೆಂದು “ಹೌದ್ರಿ” ಅನ್ನುವವರೇ ಹೆಚ್ಚು. ಯಲ್ಲಪ್ಪ ಅಂಗೈಯ ಮೇಲೆ ಬೆರಳಿನಿಂದ ಏನೋ ಬರೆದು, ಏನೋ ಹೊಡೆದು ಹಾಕಿದ.

“ಹಂಗ ಮಾಡಿದ್ರ ಚದರ ಸೆಂಟಿಮೀಟರ್ ಹೊಡಕೊಂಡ ಹೋಗೂದಿಲ್ರಿ. ಎರಡೂ ಕೆಳಗ ಕೂಡತಾವು. ಭಾರ ಅಂದ್ರ ಬರೇ ಕಿಲೋ ಉಳೀಬೇಕಲ್ರಿ? ಗುಣಾಕಾರ ಮಾಡಬೇಕ್ರಿ. ನೂರಾ ನಲವತ್ತು ಕಿಲೋ.”

“ಯಾರ ಕಲಿಸಿದ್ರು?”

“ನಮ್ಮ ಬೀಎಸ್ಸಿ ಸರ್ರಿ. ಬಾಗಲದಾಗ ನಿಂತಾರ ನೋಡ್ರಿ.”

ನಾನು ಗೋಡೆ ನೋಡಿದೆ.

ಆಮೇಲೆ ಆ ಗಿರಣಿಯ ಬಾಯ್ಲರಿನ ಮುಂದೆ ನಿಲ್ಲಿಸಿ, “ಎಷ್ಟೈತಿ ಹೇಳು” ಅಂದರು. ಅಲ್ಲಿಯ ಗೇಜು ಮೂರನೆಯದೇ ಒಂದು ತರಹ, ಹಳೆಯದು, ದೊಡ್ಡದು. ಯಲ್ಲಪ್ಪನ ಕಣ್ಣು ಮುಳ್ಳಿಗೆ ಹೋಗಲಿಲ್ಲ. ಬಗ್ಗಿ, ಮುಖದ ನಡುವೆ ಬರೆದಿದ್ದ ಸಣ್ಣ ಇಂಗ್ಲಿಷ್ ಅಕ್ಷರ ಹುಡುಕಿದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಪೌಂಡು, ಕಿಲೋ ಈ ಎರಡು ಬಗೆಯ ಅಕ್ಷರಗಳ ಆಕಾರ ಮಾತ್ರ ಕಲಿಸಿದ್ದೆ. ಆಮೇಲೆ ಮುಳ್ಳು ನೋಡಿದ.

“ನೂರು ಪೌಂಡ್ರಿ, ಚದರ ಇಂಚಿಗೆ. ಹೊಸಾ ಲೆಕ್ಕದಾಗ ಏಳು ಕಿಲೋ, ಚದರ ಸೆಂಟಿಮೀಟರಿಗೆ.”

ಪರೀಕ್ಷಕರು ಮುಂದಿನವನನ್ನು ಕರೆದರು. ಬಸ್ಸು ಕಲಘಟಗಿ ದಾಟಿತು. ಯಲ್ಲಪ್ಪ, “ಆ ನೀರಿನ ಮಾತಿಂದ ಪರೀಕ್ಷಾ ಕೆಡತೈತೇನ್ರಿ?” ಎಂದ.

ಫಲಿತಾಂಶ ಬರುವುದು ತಡವಾಯಿತು. ದೀಪಾವಳಿ ಕಳೆಯಿತು. ಹುಸೇನಸಾಬರು “ಇನ್ನೊಂದು ಸ್ವಲ್ಪ ದಿನ ಇರತೇನಿ, ಮನ್ಯಾಗ ಕುಂತು ಏನ ಮಾಡ್ಲಿ” ಎಂದು ಉಳಿದರು. ಗಣಪತರಾವ್ ಬೆಳಗಾವಿಯ ಕಡೆಯಿಂದ ಒಬ್ಬನನ್ನು ಗೊತ್ತು ಮಾಡಿಟ್ಟಿದ್ದರು. ಡಿಪೋದ ಹಾಜರಿಯಲ್ಲಿ ಯಲ್ಲಪ್ಪನಿಗೆ ಜಾಗ ಇದೆಯೇ ಎಂದು ಪಾಂಡುರಂಗನನ್ನು ಕೇಳಿಯೂ ಇದ್ದರು.

ಲಕೋಟೆ ಬಂದ ದಿನ ಗೌರವ್ವ ಊರಿಂದ ತಮ್ಮನನ್ನು ನೋಡಲು ಬಂದಿದ್ದಳು. ಕಚೇರಿಯಿಂದ ಕರೆ ಬಂತೆಂದು ಅವಳೂ ಹಿಂದೆ ಬಂದು, ಬಾಗಿಲ ಹೊರಗೆ ಸೆರಗು ಹೊದ್ದು ನಿಂತಳು. ದೇಸಾಯಿ ಸಾಹೇಬರು ಲಕೋಟೆ ಒಡೆದು, ನೋಡಿ, ಮೇಜಿನ ಮೇಲೆ ಸರಿಸಿದರು. “ಗಣಪತರಾವ್, ನೀವ ಕೊಡ್ರಿ.”

ಗಣಪತರಾವ್ ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದರು. ತಿರುವಿ ಹಿಂದೆಯೂ ನೋಡಿದರು, ಹಿಂದೆ ಏನೂ ಇರಲಿಲ್ಲ. ಮತ್ತೆ ಮುಂದೆ ತಿರುವಿ, ಬೆರಳಿಟ್ಟು, “ಹೆಸರು ಬರೋಬರಿ ಐತಿ” ಎಂದು ಸರ್ಟಿಫಿಕೇಟನ್ನು ಯಲ್ಲಪ್ಪನ ಕೈಗೆ ಕೊಟ್ಟರು. ಅವನು ಎರಡೂ ಕೈಯಿಂದ ತೆಗೆದುಕೊಂಡ. ಕೈಯಲ್ಲಿ ಮಸಿ ಇತ್ತು, ಮೂಲೆಯಲ್ಲಿ ಹೆಬ್ಬೆರಳಿನ ಗುರುತು ಮೂಡಿತು.

ಗೌರವ್ವ ಒಳಗೆ ಬರಲಿಲ್ಲ. ಬಾಗಿಲಿನಿಂದಲೇ ಕೇಳಿದಳು: “ಅಣ್ಣಾರ, ಇನ್ನ ಇಂವನ್ನ ಮರ ಹೊರಾಕ ಕಳಸಾಕ ಬರೂದಿಲ್ಲಲ್ರಿ?”

“ಬರೂದಿಲ್ಲವಾ,” ಎಂದರು ಗಣಪತರಾವ್.

ಅವಳು ಆ ಕಾಗದವನ್ನು ನೋಡಲೂ ಇಲ್ಲ. ತಮ್ಮನ ಕಡೆ ತಿರುಗಿ, “ಹಂಗಾರ ಬಾ, ಉಣ್ಣು ನಡಿ,” ಅಂದಳು. “ಮುಂಜಾನಿಂದ ಬರೇ ಚಾದ ಮ್ಯಾಲ ಅದೀ.”